ನಾಲ್ಕು ದಿನದ ಮಟ್ಟಿಗೆ

ಬಾ ಗುಲಾಬಿ, ಚಪ್ಪಲಿ ಅಲ್ಲೇ ಇರಲಿ.
ನಾಳೆ ಇಳಿತಕ್ಕೆ ಮುಂಚೆ ಅದ್ದಾಕ ದೋಣಿ ತರುತ್ತಾರೆ,
ಆಮೇಲೆ ನಾಲ್ಕು ದಿನ ಈ ಫ್ರಿಜ್ ನಿನ್ನದು.
ಹೆದರಬೇಡ. ದನದ ಹಾಗೆ ಇದು, ಒದೆಯುವುದಿಲ್ಲ,
ಕೈ ಬದಲಾದರೆ ಮಾತ್ರ ಗೊತ್ತಾಗುತ್ತದೆ.

ಹೊಳೆ ದಾಟುವ ಕರೆಂಟಿನ ತಂತಿ
ನಮ್ಮ ಕುದ್ರುವಿನ ನೆತ್ತಿಯ ಮೇಲೆಯೇ ಹೋಗುತ್ತದೆ,
ಅದರಿಂದ ನೀರುಕಾಗೆ ಇಳಿಯುತ್ತದೆ, ಕರೆಂಟ್ ಇಳಿಯುವುದಿಲ್ಲ.
ಅದಕ್ಕೇ ಲಾದ್ರು ಮಂಗಳೂರು ಬಂದರಿನ ಗುಜರಿಯಿಂದ
ಇದನ್ನು ಹೊತ್ತು, ಹೂಡೆಯ ಕಡವಿನಲ್ಲಿ ಎರಡು ದೋಣಿ ಜೋಡಿಸಿ ತಂದದ್ದು.
ಯಾವುದೋ ಹಡಗಿನ ಕಪ್ತಾನನದ್ದಂತೆ,
ಬಾಗಿಲ ಒಳಗೆ ಈಗಲೂ ಉಂಟು ಓದಲಾಗದ ಭಾಷೆಯ ಚೀಟಿ.
ಬೆಂಕಿ ಹಚ್ಚಿದರೆ ತಂಪಾಗುತ್ತದೆ ಎಂದರು.
ನಾನು ಅವರ ಬಾಯಿ ಮೂಸಿ ನೋಡಿದ್ದೆ.

ಮೊದಲು ರಸಮಟ್ಟ.
ಇಲ್ಲಿ, ಇದರ ತಲೆಯ ಮೇಲೆ ಇಡು, ಗುಳ್ಳೆ ನಡುವಿಗೆ ಬರಬೇಕು.
ನಮ್ಮದು ಹೊಯಿಗೆಯ ನೆಲ. ಹುಣ್ಣಿಮೆಯ ಭರತ ಬಂದು ಹೋದ ಮೇಲೆ
ಮನೆ ಒಂದು ಕೂದಲಷ್ಟು ಪಡುವಣಕ್ಕೆ ಕೂರುತ್ತದೆ,
ನಮಗೆ ತಿಳಿಯುವುದಿಲ್ಲ, ಇದಕ್ಕೆ ತಿಳಿಯುತ್ತದೆ,
ಸದ್ದಿಲ್ಲದೆ ತಂಪು ನಿಲ್ಲಿಸಿಬಿಡುತ್ತದೆ.
ಆಗ ಎಡಗಾಲಿನ ಅಡಿಗೆ ಹಂಚಿನ ಚೂರು. ಆ ಡಬ್ಬಿಯಲ್ಲಿ ಉಂಟು.

ಹಚ್ಚುವಾಗ ಗುಂಡಿ ಒತ್ತಿಯೇ ಹಿಡಿ,
ಒಂದು ನಮಾನ್ ಮರಿಯೆ ಹೇಳುವಷ್ಟು ಹೊತ್ತು.
ನಿನಗೆ ಅದು ಬಾರದು, ಮೂವತ್ತು ಎಣಿಸು.
ಅದಕ್ಕೆ ಮುಂಚೆ ಪೈಪಿನ ಗಂಟಿಗೆ ಸಾಬೂನಿನ ನೊರೆ.
ಗುಳ್ಳೆ ಎದ್ದರೆ ಕಡ್ಡಿ ಗೀರಬೇಡ,
ಸಿಲಿಂಡರ್ ಮುಚ್ಚು, ಬಾಗಿಲು ತೆರೆ, ಹೊರಗೆ ಹೋಗಿ ಕೂಗು.
ಗುಳ್ಳೆ ಅಲ್ಲಿ ಬೇಕು, ಇಲ್ಲಿ ಬೇಡ,
ಅಷ್ಟೇ ಮಾರಾಯ್ತಿ ಇದರ ವೇದಾಂತ.
ಹಿಂದಿನ ಕಿಟಕಿ ಜಡಿಮಳೆ ಬಂದರೂ ಮುಚ್ಚುವಂತಿಲ್ಲ.

ಮೇಲಿನ ತಟ್ಟೆ ಮಲ್ಲಿಗೆಯದ್ದು, ಬೇರೆ ಮಾತಿಲ್ಲ.
ಸಂಪಾಕ್ಕನ ಎರಡು ಅಟ್ಟೆ, ನಿನ್ನ ಅತ್ತೆಯ ಮೂರು ಚೆಂಡು,
ದರ ಬಿದ್ದ ದಿನ ಬಾಳೆಲೆ ಹೊದ್ದು ಇಲ್ಲೇ ಮಲಗುತ್ತವೆ.
ಮೀನು ಕೆಳಗೆ, ಮುಚ್ಚಳ ಬಿಗಿ.
ಒಮ್ಮೆ ಬಂಗುಡೆ ವಾಸನೆಯ ಮಲ್ಲಿಗೆ
ಭಟ್ಟರ ಮದುವೆಮನೆಗೆ ಹೋಗಿ
ಅಡುಗೆಯವನು ಬೈಸಿಕೊಂಡದ್ದು ಗೊತ್ತುಂಟಲ್ಲ.

ಇನ್ನು ಉರಿ. ಬಗ್ಗು, ಕೆಳಗಿನ ಕಿಂಡಿಯಲ್ಲಿ ನೋಡು.
ಶಂಖಪುಷ್ಪದ ನೀಲಿ ಇರಬೇಕು.
ಹಳದಿಯಾದರೆ ಮಸಿ, ಮಸಿಯಾದರೆ ಹೊಗೆಕೊಳವೆ ಕಟ್ಟಿತು,
ಬ್ರಶ್ ಆ ಮೊಳೆಯಲ್ಲಿದೆ.
ಬರ್ನರಿನ ತೂತಿಗೆ ಮಾತ್ರ ಸೂಜಿ ಹಾಕಬೇಡ,
ಸ್ಪಿರಿಟಿನಲ್ಲಿ ನೆನೆಸಿ, ಊದಿ, ಒಣಗಿಸಿ ಕೂರಿಸು.

ಕಳೆದ ಆಟಿಯಿಂದ ನನಗೆ ಕಂಡದ್ದು ಬರೀ ಹಳದಿ.
ಕೊಳವೆ ಉಜ್ಜಿದೆ. ಬರ್ನರ್ ಮೂರು ಸಲ ಬಿಚ್ಚಿದೆ.
ಸಿಲಿಂಡರಿನ ಹುಡುಗನಿಗೆ ಬೈದೆ, ನೀರು ಬೆರೆಸಿದ್ದೀಯಾ ಎಂದು.
ಲಾದ್ರು ಇದ್ದಿದ್ದರೆ ಎಂದುಕೊಂಡು
ಒಂದು ರಾತ್ರಿ ಇದರ ಎದುರು ನೆಲದಲ್ಲೇ ಕೂತೆ.
ಬ್ರಶ್ಶಿಗೆ ಒಂದು ಚೂರೂ ಮಸಿ ಹತ್ತಿರಲಿಲ್ಲ,
ಅದೇಕೆಂದು ಯೋಚಿಸಲೇ ಇಲ್ಲ ನೋಡು.

ಮೊನ್ನೆ ನಿನ್ನ ಪ್ರಾಪ್ತಿ ಐಸಿಗೆಂದು ಬಂದವಳು
ನನ್ನ ಪಕ್ಕ ಬಗ್ಗಿ, ಎಷ್ಟು ನೀಲಿ ಬಾಯಮ್ಮಾ, ಎಂದಳು.
ಯಾವುದು ಮಗಾ ನೀಲಿ?
ಬೆಂಕಿ, ಎಂದಳು.

ಫ್ರಿಜ್ ಸರಿಯೇ ಇತ್ತು ಗುಲಾಬಿ.
ಉಡುಪಿಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು,
ಎರಡಕ್ಕೂ ಪೊರೆ, ಮೊದಲು ಬಲಗಣ್ಣು.

ಐಸ್ ದಪ್ಪ ಕಟ್ಟಿದರೆ ಚೂರಿ ತಾಗಿಸಬೇಡ.
ಬಾಗಿಲ ರಬ್ಬರಿಗೆ ಹತ್ತರ ನೋಟು ಸಿಕ್ಕಿಸಿ ಎಳೆ,
ಹಿಡಿದರೆ ಸರಿ, ಜಾರಿ ಬಂದರೆ ನೋಟು ನೀನೇ ಇಟ್ಟುಕೋ.
ಮತ್ತೆ, ಉರಿ ಯಾವ ಬಣ್ಣ ಎಂದು
ನನಗೆ ಫೋನಿನಲ್ಲಿ ಹೇಳಬೇಡ.
ಬಂದು ನೋಡುತ್ತೇನೆ.